ಎರಡನೇ ಕೈ

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಭಾನುವಾರ ಮಧ್ಯಾಹ್ನ ಸೇರುತ್ತಿದ್ದ ನಾಲ್ವರ ಬಳಿ ಒಂದು ಪುಸ್ತಕವಿತ್ತು. ಇಸ್ಪೀಟು ಎಲೆಗಳಲ್ಲಿ ಕೈಚಳಕ ಮಾಡುವವರು ಅವರು. ಜೂಜಾಡುವವರಲ್ಲ, ವೇದಿಕೆ ಹತ್ತುವವರೂ ಅಲ್ಲ. ಯಾರಾದರೂ ಹೊಸ ಪಟ್ಟು ಕಂಡುಹಿಡಿದರೆ ಉಳಿದವರ ಎದುರು ಮೂರು ಸಲ ಮಾಡಿ ತೋರಿಸಬೇಕು. ಆ ಮೂರು ಸಲವೂ ಯಾರೂ ತುಟಿಪಿಟಕ್ಕೆನ್ನುವ ಹಾಗಿಲ್ಲ. ನಾಲ್ಕನೇ ಸಲ ನಿಧಾನವಾಗಿ, ಗುಟ್ಟು ಬಿಚ್ಚಿ ಮಾಡಬೇಕು. ಅಲ್ಲಿಂದಾಚೆ ಅದು ಎಲ್ಲರ ಸೊತ್ತು.

ಆದರೆ ಪುಸ್ತಕಕ್ಕೆ ಏರಬೇಕಾದರೆ ಇನ್ನೊಂದು ಕೈ ಅದನ್ನು ಮಾಡಬೇಕು, ಅದೂ ನಾಲ್ಕು ಭಾನುವಾರದೊಳಗೆ. ಆಗ ನಾಲ್ಕು ಸಾಲು ಬೀಳುತ್ತದೆ: ಪಟ್ಟಿನ ಹೆಸರು, ಯಾರದು, ಎಲ್ಲಿ ಹುಟ್ಟಿತು, ಎರಡನೇ ಕೈ ಯಾರದು. ಯಾರಿಗೂ ಬಾರದಿದ್ದರೆ ಅದು ಪಟ್ಟಲ್ಲ, ಚೇಷ್ಟೆ. "ಒಬ್ಬನ ಕೈಯಲ್ಲಷ್ಟೇ ಇರೋದು ವಿದ್ಯೆ ಅಲ್ಲಪ್ಪ, ಬಿಕ್ಕಳಿಕೆ," ಎನ್ನುತ್ತಿದ್ದರು ಮೇಷ್ಟ್ರು.

ಮೇಷ್ಟ್ರು ಅಂದರೆ ಅಂಗಡಿಯ ಯಜಮಾನರು. ಜನ್ಮದಲ್ಲಿ ಯಾರಿಗೂ ಪಾಠ ಹೇಳಿದವರಲ್ಲ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ನೋಡುವ ರೀತಿಗೆ ಆ ಹೆಸರು ಅಂಟಿತ್ತು. ಉಳಿದವರು ಹಲ್ಲಿನ ಡಾಕ್ಟರು, ಗ್ಯಾರೇಜಿನವನು, ಮತ್ತು ಬೈಂಡರ್.

ಬೈಂಡರ್ ಹನ್ನೊಂದು ವರ್ಷದಿಂದ ಬರುತ್ತಿದ್ದ. ಆ ಪುಸ್ತಕದ ಹೊಲಿಗೆ ಸಡಿಲವಾದಾಗ ಎರಡು ಸಲ ಬಿಚ್ಚಿ, ಹೊಲಿದು, ಹೊಸ ರಟ್ಟು ಕಟ್ಟಿಕೊಟ್ಟವನು ಅವನೇ. ಪ್ರತಿಯೊಂದು ಹಾಳೆಯೂ ಅವನ ಬೆರಳಿನಡಿ ಹಾದುಹೋಗಿತ್ತು. ಮೇಷ್ಟ್ರದು ಒಂಬತ್ತು ಪಟ್ಟು, ಡಾಕ್ಟರದು ಆರು, ನಿನ್ನೆ ಮೊನ್ನೆ ಬಂದ ಗ್ಯಾರೇಜಿನವನದೂ ಎರಡು. ಬೈಂಡರನದು ಒಂದೂ ಇಲ್ಲ. ಪರರ ಮನೆಗೆ ಬಾಗಿಲು ಕೂರಿಸಿ ಹೊರಗೇ ನಿಂತ ಬಡಗಿಯ ಹಾಗೆ ಅವನು ಆ ರಟ್ಟನ್ನು ನೋಡುತ್ತಿದ್ದ.

ಕೊನೆಗೂ ಒಂದು ಭಾನುವಾರ ತನ್ನದನ್ನು ತೋರಿಸಿದ. ನಾಲ್ಕು ವರ್ಷ ತಿದ್ದಿ ತೀಡಿದ ಪಟ್ಟು. ಎದುರಿನವರು ಆರಿಸಿದ ಎಲೆಯನ್ನು ಅವರೇ ಕಟ್ಟಿನ ನಡುವೆ ತೂರಿಸಬೇಕು. ಕಟ್ಟು ಎಡಗೈಯಲ್ಲಿ ಸುಮ್ಮನೆ ಕೂತಿರುತ್ತದೆ. ಬಲಗೈ ಮೇಜಿನ ಮೇಲೆ, ದೂರ. ಒಂದು ಉಸಿರು. ಕಟ್ಟು ಮಗುಚಿದರೆ ತಳದಲ್ಲಿ ಅದೇ ಎಲೆ.

ಮೂರು ಸಲ ಆಯಿತು. ಗ್ಯಾರೇಜಿನವನು ಬಾಯಿಗೆ ಕೈ ಅಡ್ಡ ಹಿಡಿದುಕೊಂಡಿದ್ದ, ಮಾತು ಹೊರಬಿದ್ದೀತೆಂದು. ನಾಲ್ಕನೆಯ ಸಲ ಬೈಂಡರ್ ಬಿಚ್ಚಿ ತೋರಿಸಿದ: ಕಿರುಬೆರಳು ಎಲೆಯ ಮೂಲೆಯನ್ನು ಕೊಕ್ಕೆಯಂತೆ ಹಿಡಿದು, ಓರೆಯಾಗಿ ಎಳೆದು, ಅಂಗೈಯ ಮರೆಯಲ್ಲಿ ತಳಕ್ಕೆ ಸೇರಿಸುತ್ತದೆ. ಅಷ್ಟೇ.

"ಅಷ್ಟೇ ಅಂತೆ! ಅಯ್ಯೋ ನಿಮ್ಮ! ಹನ್ನೊಂದು ವರ್ಷ ಬಾಯಿಗೆ ಗೋಂದು ಹಾಕ್ಕೊಂಡು ಕೂತಿದ್ದು ಇದಕ್ಕಾ?" ಎಂದ ಗ್ಯಾರೇಜಿನವನು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಅವರು ಕನ್ನಡಕ ಒರೆಸಿದರೆಂದರೆ ಸಾಮಾನ್ಯವಲ್ಲ.

ಎರಡನೇ ಭಾನುವಾರ ಯಾರಿಗೂ ಬರಲಿಲ್ಲ. ಮೂರನೆಯದಕ್ಕೂ ಬರಲಿಲ್ಲ. ಎಳೆಯುವುದು ಎಲ್ಲರಿಗೂ ಆಗುತ್ತಿತ್ತು, ಮರೆಯಾಗುತ್ತಿರಲಿಲ್ಲ. ಪ್ರತಿ ಸಲವೂ ಎಲೆಯ ಬಿಳಿ ಮೂಲೆ ಬೆರಳಿನಾಚೆ ಇಣುಕುತ್ತಿತ್ತು. ಆ ಕೋಣೆಯ ಮೂರು ಗೋಡೆಗೂ ಕನ್ನಡಿ. ಒಂದು ತಪ್ಪು ಮೂರು ಕಡೆ ಕಾಣುತ್ತಿತ್ತು.

"ನಿಮ್ಮ ಕೈ ಕೊಡಿ ಇಲ್ಲಿ," ಎಂದರು ಡಾಕ್ಟರು. ಬೈಂಡರನ ಎಡಗೈಯನ್ನು ಮೇಜಿನ ದೀಪದಡಿ ಅಂಗಾತ ಹಿಡಿದರು. ಕಿರುಬೆರಳಿನ ಪಕ್ಕದಲ್ಲಿ ತಮ್ಮ ಕಿರುಬೆರಳು ಇಟ್ಟರು. ಅವರದು ನೆಟ್ಟಗೆ. ಇವನದು ಮೇಲಿನ ಗೆಣ್ಣಿನಿಂದ ಒಳಕ್ಕೆ ಬಾಗಿತ್ತು, ಅರ್ಧ ಉಗುರಿನಷ್ಟು. ಆ ಅರ್ಧ ಉಗುರಿನ ಡೊಂಕೇ ಬಿಳಿ ಮೂಲೆಯನ್ನು ಮುಚ್ಚುತ್ತಿತ್ತು.

"ಮುರಿದಿತ್ತಾ?"

"ಇಲ್ಲ. ಹುಟ್ಟಿದಾಗಿಂದ ಹೀಗೇ. ಎಲ್ಲರಿಗೂ ಇಷ್ಟು ಇರುತ್ತಲ್ಲ?"

ಮೂವರೂ ತಮ್ಮ ತಮ್ಮ ಕೈ ಚಾಚಿದರು. ಯಾರಿಗೂ ಇರಲಿಲ್ಲ.

"ಐದು ಬೆರಳೂ ಸಮ ಇರಲ್ಲ ಅಂತಾರಲ್ಲ, ಇದು ಆರನೇ ಥರ," ಎಂದು ನಗಿಸಲು ನೋಡಿದ ಗ್ಯಾರೇಜಿನವನು. ಯಾರೂ ನಗಲಿಲ್ಲ.

ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ಈತ ನಾಲ್ಕು ವರ್ಷ ಕನ್ನಡಿಯ ಮುಂದೆಯೇ ಕೂತು ತನ್ನ ಅಂಗೈಯನ್ನು ನೋಡಿಕೊಂಡವನು. ಬೇರೆ ಒಬ್ಬರ ಕಿರುಬೆರಳನ್ನು ಒಂದು ದಿನವೂ ತನ್ನದರ ಪಕ್ಕ ಇಟ್ಟು ನೋಡಿರಲಿಲ್ಲ. ನೋಡುವ ಅಗತ್ಯ ಬಿದ್ದಿರಲಿಲ್ಲ. ಅವನು ಬೆಳೆದ ಮನೆಯಲ್ಲಿದ್ದ ಮೂವರಿಗೂ ಬೆರಳು ಹಾಗೇ ಇತ್ತು. ಅಮ್ಮನಿಗೆ, ಅವನಿಗೆ, ಅಕ್ಕನಿಗೆ.

"ಮುಂದಿನ ಭಾನುವಾರದವರೆಗೂ ಟೈಮಿದೆ," ಎಂದರು ಮೇಷ್ಟ್ರು, ಮುಖ ನೋಡದೆ. "ಎರಡನೇ ಕೈ ನಮ್ಮ ನಾಲ್ವರದೇ ಆಗಬೇಕು ಅಂತೇನೂ ನಿಯಮ ಇಲ್ಲ."

*

ಅಕ್ಕ ಲಾಂಡ್ರಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿದ್ದಳು. ಟೈಲರ್ ಅಂಗಡಿಗಳಿಂದ ಬರುವ ಅಂಗಿಗಳಿಗೆ ಕೈಯಲ್ಲೇ ಕಾಜಾ ಹಾಕಿ, ಗುಂಡಿ ಹೊಲಿಯುವುದು ಅವಳ ಕೆಲಸ. ಎರಡೂವರೆ ವರ್ಷದ ಮೇಲೆ ತಮ್ಮ ಬಾಗಿಲಲ್ಲಿ ನಿಂತಾಗ ಅವಳು ಸೂಜಿ ನಿಲ್ಲಿಸಲಿಲ್ಲ.

"ಯಾರು ಸತ್ರು?" ಎಂದಳು.

"ಯಾರೂ ಇಲ್ಲ."

"ಮತ್ತೆ ನೀನು ಬರೋ ಕಾರಣ?"

ಅವನು ಚಪ್ಪಲಿ ಬಿಟ್ಟು ಒಳಗೆ ಬಂದ. ಅಮ್ಮನ ಮಂಚವಿದ್ದ ಜಾಗದಲ್ಲಿ ಈಗ ಇಸ್ತ್ರಿ ಮೇಜು ಇತ್ತು. ಎದುರಿನ ಬೀರು ಮಾತ್ರ ಹಳೆಯದೇ. ಅದರ ಉದ್ದ ಕನ್ನಡಿ ಕಾಣದ ಹಾಗೆ ಹ್ಯಾಂಗರಿನಲ್ಲಿ ಅಂಗಿಗಳು ತೂಗುತ್ತಿದ್ದವು, ಬೇರೆ ಕಡೆ ಎಷ್ಟೋ ಮೊಳೆಗಳು ಖಾಲಿಯಿದ್ದರೂ.

ಅವನು ಸುತ್ತಿ ಬಳಸಿ ವಿಷಯ ಹೇಳಿದ. ಅವಳು ದಾರ ಕಚ್ಚಿ ತುಂಡರಿಸಿದಳು.

"ಅಂದ್ರೆ ನಾನು ಬೇಕಾಗಿಲ್ಲ ನಿಂಗೆ. ನನ್ನ ಕಿರುಬೆರಳು ಬೇಕು."

"ಅಕ್ಕಾ..."

"ಕತ್ತರಿಸಿ ಕೊಡ್ಲಾ? ಬಾಕ್ಸಲ್ಲಿ ಹಾಕ್ಕೊಂಡು ಹೋಗ್ತೀಯಾ?" ಹೀಗೆ ಅಂದವಳೇ ಕೈ ಚಾಚಿದಳು. "ತಾ ಇಲ್ಲಿ. ಏನದು ನೋಡೋಣ."

ಅವನು ಕಟ್ಟು ಕೊಟ್ಟ. ಬೆರಳು ಎಲ್ಲಿಡಬೇಕು, ಎಷ್ಟು ಒತ್ತಬೇಕು ಎಂದು ಹೇಳಿದ. ಮೊದಲ ಹತ್ತು ಸಲ ಎಲೆಗಳು ನೆಲಕ್ಕೆ ಬಿದ್ದವು. ಆಮೇಲೆ ಬೀಳುವುದು ನಿಂತಿತು. ಮೂವತ್ತು ವರ್ಷ ಸೂಜಿ ಹಿಡಿದ ಕೈ ಅದು. ಒಂದು ಎಳೆಯ ಬಿಗಿ ಎಷ್ಟೆಂದು ಅದಕ್ಕೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವನು ನಾಲ್ಕು ವರ್ಷ ತೆಗೆದುಕೊಂಡ ಕಡೆ ಅವಳು ಮುಕ್ಕಾಲು ಗಂಟೆ ತೆಗೆದುಕೊಂಡಳು. ಎಲೆ ನಡುವಿನಿಂದ ತಳಕ್ಕೆ ಬಂತು, ಕಟ್ಟು ಮಿಸುಕಲಿಲ್ಲ, ಮೂಲೆ ಕಾಣಲಿಲ್ಲ. ತನ್ನ ಕೈಯನ್ನು ಹೊರಗೆ ನಿಂತು ನೋಡಿದಂತಾಗಿ ಬೈಂಡರನ ಮೈ ಜುಮ್ಮೆಂದಿತು.

"ಬಂತು!" ಎಂದ, ಜೋರಾಗಿ.

ಅಕ್ಕನ ಕೈ ನಿಂತಿತು.

ಆ ಮಾತನ್ನು ಅವನು ಇದೇ ಕೋಣೆಯಲ್ಲಿ ಇನ್ನೊಂದು ಸಲ ಅಂದಿದ್ದ. ನಾಲ್ಕು ವರ್ಷದ ಹಿಂದೆ, ಮಧ್ಯಾಹ್ನ. ಅಕ್ಕ ಔಷಧಿ ತರಲು ಹೋಗುವಾಗ, "ಅಮ್ಮನ ಉಸಿರು ನೋಡ್ತಾ ಇರು. ಹೆಚ್ಚುಕಮ್ಮಿ ಆದ್ರೆ ಕೈ ಹಿಡ್ಕೋ, ಸಾಕು," ಎಂದು ಹೇಳಿಹೋಗಿದ್ದಳು. ಅವನು ಬೀರುವಿನ ಕನ್ನಡಿಯ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದ. ಕನ್ನಡಿಯಲ್ಲಿ ಅವನ ಕೈಯೂ ಇತ್ತು, ಕೈಯ ಹಿಂದೆ ಮಂಚವೂ ಇತ್ತು. ಅವನು ಕೈಯನ್ನಷ್ಟೇ ನೋಡಿದ. ಎಲೆ ಮೊದಲ ಸಲ ಸದ್ದಿಲ್ಲದೆ ಜಾರಿ ತಳಕ್ಕೆ ಬಂದಾಗ ಬಾಗಿಲ ಸದ್ದಾಯಿತು, ಅವನು ತಿರುಗದೆಯೇ, ಕನ್ನಡಿಯಲ್ಲಿ ಕಂಡ ಅಕ್ಕನಿಗೆ "ಬಂತು!" ಎಂದ. ಅಕ್ಕ ಮಂಚದ ಹತ್ತಿರ ಹೋಗಿ ಬಾಗಿದಳು. "ಅಮ್ಮ ಹೋಗಿದಾಳೆ ಕಣೋ. ಎಷ್ಟು ಹೊತ್ತಾಯ್ತು?" ಎಂದಳು. ಅವನಿಗೆ ಗೊತ್ತಿರಲಿಲ್ಲ. ಅಮ್ಮನ ಕೈ ಚಾದರದ ಹೊರಗೆ, ಅಂಗಾತ, ಯಾರಾದರೂ ಹಿಡಿದುಕೊಳ್ಳಲಿ ಎಂಬಂತೆ ಇತ್ತು. ಬೆರಳು ಆಗಲೇ ತಣ್ಣಗಿತ್ತು.

"ಅವತ್ತಿನದೇ ಅಲ್ವಾ ಇದು?" ಎಂದಳು ಅಕ್ಕ ಈಗ, ಕಟ್ಟನ್ನು ಮೇಜಿನ ಮೇಲಿಡುತ್ತ.

"ಹೂಂ."

"ಆ ಪುಸ್ತಕದಲ್ಲಿ ಎಲ್ಲಿ ಹುಟ್ತು ಅಂತ ಬರೀತಾರೆ ಅಂದ್ಯಲ್ಲ. ಏನು ಬರೆಸ್ತೀಯ?"

ಅವನು ನೆಲ ನೋಡಿದ. "ಇದ್ದದ್ದು ಬರೆಸ್ತೀನಿ."

"ಬರೆಸು. ನಾನು ಬರ್ತೀನಿ." ಅವಳು ಸೂಜಿಗೆ ದಾರ ಪೋಣಿಸಲು ಕಿಟಕಿಯ ಕಡೆ ತಿರುಗಿದಳು. "ನಾಲ್ಕು ವರ್ಷದಲ್ಲಿ ನೀನು ಅದನ್ನ ಒಬ್ಬರ ಹತ್ತಿರಾನೂ ಬಾಯಿಬಿಟ್ಟು ಹೇಳಿಲ್ಲ. ನನ್ನ ಹತ್ತಿರಾನೂ. ನಾಲ್ಕು ಜನರ ಎದುರು ಒಂದು ಸಲ ಹೇಳು. ನಂಗೆ ಬೇರೆ ಏನೂ ಬೇಡ."

*

ನಾಲ್ಕನೇ ಭಾನುವಾರ ಅವಳು ಹೇಳಿದ ಹೊತ್ತಿಗೆ ಬಂದಳು, ಹೆಗಲಿಗೆ ಕೆಲಸದ ಚೀಲ ಹಾಕಿಕೊಂಡು. ಕೂತವಳು ಸುತ್ತಲಿನ ಕನ್ನಡಿಗಳನ್ನು ಒಂದು ಸಲ ನೋಡಿ, ಆಮೇಲೆ ಮೇಜನ್ನಷ್ಟೇ ನೋಡಿದಳು. ಮೂರು ಸಲ ಮಾಡಿದಳು. ಮೂರು ಸಲವೂ ಡಾಕ್ಟರು ಆರಿಸಿದ ಎಲೆ ತಳದಲ್ಲಿತ್ತು.

ಗ್ಯಾರೇಜಿನವನು ಸಿಳ್ಳೆ ಹೊಡೆದ. "ಅಕ್ಕಾವ್ರೇ, ನಿಮ್ಮ ತಮ್ಮನಿಗಿಂತ ನೀವೇ ವಾಸಿ! ಇವ್ರು ಮಾಡುವಾಗ ಹೊಟ್ಟೆನೋವು ಬಂದೋರ ಹಾಗೆ ಮುಖ ಮಾಡ್ತಾರೆ."

ಮೇಷ್ಟ್ರು ಪುಸ್ತಕ ತೆರೆದರು. ಬೈಂಡರ್ ತಾನೇ ಹಾಕಿದ ಹೊಲಿಗೆಯ ಗುಂಟ ಅದು ಚಪ್ಪಟೆಯಾಗಿ ತೆರೆದುಕೊಂಡು, ಖಾಲಿ ಹಾಳೆ ಮೇಜಿನ ಮೇಲೆ ಒರಗಿತು.

"ಹೆಸರು?"

"ಡೊಂಕು," ಎಂದರು ಡಾಕ್ಟರು. ಎಲ್ಲರೂ ಒಪ್ಪಿದರು.

"ಯಾರದು... ಬೈಂಡರ್." ಪೆನ್ನು ಆ ಅಕ್ಷರಗಳ ಮೇಲೆ ಹಾದುಹೋಗುವುದನ್ನು ಅವನು ಉಸಿರು ಹಿಡಿದು ನೋಡಿದ. "ಎಲ್ಲಿ ಹುಟ್ಟಿತು?"

ಇದು ಅವರೆಲ್ಲರಿಗೂ ಪ್ರೀತಿಯ ಸಾಲು. 'ಕೆಟ್ಟುನಿಂತ ಲಾರಿಯ ಅಡಿಯಲ್ಲಿ', 'ರೋಗಿಯ ಬಾಯಿ ಮರಗಟ್ಟಲು ಕಾಯುತ್ತಿದ್ದಾಗ', 'ಭಾವನ ಭಾಷಣ ನಡೆಯುತ್ತಿದ್ದಾಗ' ಎಂದೆಲ್ಲ ಇದ್ದವು. ಬೇಜಾರಾದಾಗ ಇವನ್ನೇ ಗಟ್ಟಿಯಾಗಿ ಓದಿ ನಗುತ್ತಿದ್ದರು. ಈಗಲೂ ಮೂವರ ಮುಖದಲ್ಲಿ ನಗು ತಯಾರಾಗಿ ನಿಂತಿತ್ತು. ಬೈಂಡರ್ ಬಾಯಿ ತೆರೆದ. ಮೂರು ಗೋಡೆಯ ಕನ್ನಡಿಯಲ್ಲೂ ಒಬ್ಬೊಬ್ಬ ಬೈಂಡರ್ ಬಾಯಿ ತೆರೆದು ಕೂತಿದ್ದ.

"ಕೇಳೋದೇನು, ಬಸ್ಸಲ್ಲೇ ಇರಬೇಕು," ಎಂದ ಗ್ಯಾರೇಜಿನವನು. "ಎಲೆ ತಿರುವ್ತಾ ಕೂತು ಎಷ್ಟು ಸಲ ಸ್ಟಾಪು ತಪ್ಪಿಸ್ಕೊಂಡಿದಾರೋ!"

"ಬಸ್ಸಾ?" ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು.

ಒಂದು ಉಸಿರು. ಎಲೆಯೊಂದು ನಡುವಿನಿಂದ ತಳಕ್ಕೆ ಹೋಗಲು ಅಷ್ಟು ಸಾಕು.

"ಹೂಂ," ಎಂದ ಬೈಂಡರ್. "ಬಸ್ಸಲ್ಲೇ."

ಮೂವರೂ ನಕ್ಕರು. ಮೇಷ್ಟ್ರು ಬರೆದರು. ಅವನು ಅಕ್ಕನ ಕಡೆ ನೋಡಲಿಲ್ಲ. ಕನ್ನಡಿಗಳಲ್ಲಿ ಅವಳು ಎಲ್ಲ ಕಡೆಯೂ ಇದ್ದಳು, ಅದಕ್ಕೇ ಪುಸ್ತಕವನ್ನೇ ನೋಡಿದ.

"ಎರಡನೇ ಕೈ... ಅಕ್ಕ ಅಂತ ಬರೀಲೇನಮ್ಮ?"

"ಕಾಜಾ ಹಾಕೋಳು ಅಂತ ಬರೀರಿ," ಎಂದಳು ಅವಳು. ಎಲೆಗಳನ್ನು ಒಟ್ಟುಮಾಡಿ, ಅಂಚು ತಟ್ಟಿ ಸರಿಮಾಡಿ, ಕಟ್ಟನ್ನು ತಮ್ಮನ ಮುಂದೆ ಸರಿಸಿ ಎದ್ದಳು.

*

ಶಾಯಿ ಆರುವವರೆಗೆ ಪುಸ್ತಕ ಮುಚ್ಚಬೇಡಿ ಎಂದು ಹೇಳಿ ಅವನು ಹೊರಬರುವಷ್ಟರಲ್ಲಿ ಅವಳು ಬಸ್‌ಸ್ಟಾಪಿನಲ್ಲಿದ್ದಳು. ಅವನು ಪಕ್ಕದಲ್ಲಿ ನಿಂತ. ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ರಸ್ತೆಯಾಚೆ ಒಬ್ಬ ಏಣಿ ಹತ್ತಿ ಹಳೆ ಬೋರ್ಡಿನ ಅಕ್ಷರಗಳನ್ನು ಕೆರೆಯುತ್ತಿದ್ದ.

"ಬರೆದ್ರಾ?"

"ಬರೆದ್ರು."

"ಸರಿ ಹಾಗಾದ್ರೆ."

ಏನಾದರೂ ಹೇಳಬೇಕಿತ್ತು. ಈಗ ಹೇಳಿದರೂ ಆಗುತ್ತಿತ್ತು. ನಾಲ್ಕು ಜನರ ಎದುರು ಅಲ್ಲದಿದ್ದರೆ ಇವಳೊಬ್ಬಳ ಎದುರು. ಅಥವಾ ವಾಪಸು ಓಡಿಹೋಗಿ, ಶಾಯಿ ಆರುವ ಮೊದಲೇ ಆ ಸಾಲು ಹೊಡೆದುಹಾಕಿ ಎನ್ನಬಹುದಿತ್ತು. ಅವನು ಮಾತು ಹುಡುಕಿದ. ಹೇಗೆ ಶುರುಮಾಡುವುದು? 'ಅವತ್ತು ಕನ್ನಡಿಯಲ್ಲಿ' ಎಂದೇ? ಮಂಚದಿಂದಲೇ? ಅಮ್ಮ ಉಸಿರೆಳೆದ ಸದ್ದು ಏನಾದರೂ ಕೇಳಿಸಿತ್ತೇ, ಕೇಳಿಸಿಯೂ ಅವನು ತಿರುಗದೆ ಕೂತಿದ್ದನೇ? ಅದು ಈ ಕ್ಷಣಕ್ಕೂ ಅವನಿಗೆ ಗೊತ್ತಿರಲಿಲ್ಲ, ಮತ್ತು ಹೇಳಬೇಕಾಗಿದ್ದುದು ಅದನ್ನೇ. ಇನ್ನೊಂದು ಉಸಿರು ತಾಳಿ ಶುರುಮಾಡೋಣ ಎಂದುಕೊಂಡ. ಇನ್ನೊಂದು.

ಕೋಟಿನ ಜೇಬಿನಲ್ಲಿ ಎಡಗೈಗೆ ಕಟ್ಟು ಸಿಕ್ಕಿತ್ತು. ಕಿರುಬೆರಳು ಮೂಲೆಯನ್ನು ಹುಡುಕಿತು, ಹಿಡಿಯಿತು, ಎಳೆಯಿತು. ಎಲೆ ತಳಕ್ಕೆ ಬಂತು. ಅಕ್ಕ ಮಾಡುವಾಗ ಬೆರಳು ಇನ್ನೂ ಸ್ವಲ್ಪ ಕೆಳಗಿತ್ತಲ್ಲವೇ? ಹಾಗೆ ಮಾಡಿದರೆ ಒತ್ತಡ ಕಡಿಮೆ ಸಾಕು. ಅವನು ಬೆರಳನ್ನು ಕೂದಲೆಳೆಯಷ್ಟು ಕೆಳಗಿಳಿಸಿ ಮತ್ತೆ ಎಳೆದ. ಹೌದು, ಇನ್ನೂ ನುಣುಪು. ಮತ್ತೊಮ್ಮೆ.

"ಅಕ್ಕಾ," ಎಂದು ಅವನು ತಲೆಯೆತ್ತಿದ.

ಸ್ಟಾಪಿನಲ್ಲಿ ಯಾರೂ ಇರಲಿಲ್ಲ. ಏಣಿಯ ಮೇಲಿನವನು ಕೊನೆಯ ಅಕ್ಷರದಲ್ಲಿದ್ದ. ಬಸ್ಸು ಬಂದು ಹೋಗಿ ಎಷ್ಟು ಹೊತ್ತಾಯಿತೋ, ಅವನಿಗೆ ಗೊತ್ತಿರಲಿಲ್ಲ.