ಬೀಗರ ಕೈಯಿಂದ ಚೆಂಡು ಕಸಿಯುವ ಬಗೆ

೧

ಈ ಕಥೆಯನ್ನು ಎಲ್ಲಿಂದ ಆರಂಭಿಸುವುದು ನ್ಯಾಯ? ಚೆಂಡಿನಿಂದಲೋ, ಸೋಲಿನಿಂದಲೋ? ಹಳೆಯ ಕೋಚ್ ರಾಜೀನಾಮೆ ಕೊಟ್ಟ ಗಳಿಗೆಯಿಂದ ಎನ್ನುತ್ತದೆ ಶಿಸ್ತು. ಆದರೆ ಆತ ರಾಜೀನಾಮೆ ಕೊಡಲಿಲ್ಲ; ಮದ್ದೂರಿನ ಮೈದಾನದಲ್ಲಿ ಸೀಟಿಯನ್ನು ನೆಲಕ್ಕೆಸೆದು ರೈಲು ಹತ್ತಿದ. ಓದುಗರೇ, ಆ ಸೀಟಿಯಿಂದಲೇ ತೊಡಗೋಣ.

(೧೯೪೧ರ ಮಂಡ್ಯದಲ್ಲಿ ಸಂಬಳಕ್ಕೆ ಆಡುವ ಬ್ಯಾಸ್ಕೆಟ್‌ಬಾಲ್ ತಂಡವೇ ಎಂದು ದಾಖಲೆ ಹುಡುಕಬೇಡಿ. ಈ ಪುಟಕ್ಕಾಗಿ ನಾನೇ ಕಟ್ಟಿದ್ದೇನೆ. ಕಟ್ಟಿದವನಿಗೆ ಕೋಚನ್ನು ಆರಿಸುವ ಹಕ್ಕಾದರೂ ಇರಬೇಡವೇ? ಮುಂದೆ ನೋಡುವಿರಿ.)

೨

ಮದ್ದೂರಿನಲ್ಲಿ ಮಳವಳ್ಳಿಯೆದುರು ಮಂಡ್ಯ ಸೋತ ಕಾರಣ ಸರಳ. ಮಂಡ್ಯದ ನಾಯಕ ಅಂಕಯ್ಯನ ತಂಗಿಯನ್ನು ಮಳವಳ್ಳಿ ತಂಡದ ನಾಯಕ ಬೆಟ್ಟಯ್ಯನಿಗೆ ಕೊಟ್ಟಿತ್ತು. ಹೆಣ್ಣು ಕೊಟ್ಟವರು ಬೀಗರ ಮುಂದೆ ತಗ್ಗಿ ನಡೆಯಬೇಕಷ್ಟೆ. ಆದ್ದರಿಂದ ಬೆಟ್ಟಯ್ಯ ಚೆಂಡು ಹಿಡಿದು ಬಂದಾಗಲೆಲ್ಲ ಅಂಕಯ್ಯ ವಿನಯದಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ತಂಡದ ಉಳಿದವರೂ ಒಂದಲ್ಲ ಒಂದು ಬಗೆಯಲ್ಲಿ ಮಳವಳ್ಳಿಗೆ ಬೀಗರೇ.

“ಅಡ್ಡ ನಿಲ್ಲಬೇಕಿತ್ತು!” ಎಂದು ನಾನು ಹಾಳೆಯ ಅಂಚಿನಿಂದ ಗದರಿದೆ.

“ನಿಮ್ಗೇನು ಸಾಮಿ, ಬರ್ದುಬುಟ್ಟು ಮನೀಕತೀರಿ,” ಎಂದ ಅಂಕಯ್ಯ. “ನಾಳೀಕೆ ನಮ್ಮುಡ್ಗಿ ಅಲ್ಲಿ ಬಾಳ್ಬೇಕಲ್ವಾ?”

೩

ಅದೇ ಪಂದ್ಯದಲ್ಲಿ ಇನ್ನೊಂದು ಸಂಗತಿ ನಡೆಯಿತು. ಆಟಗಾರರಿಗೆ ಮಜ್ಜಿಗೆ ಗಡಿಗೆ ಹೊತ್ತು ಬಂದಿದ್ದ ಅಂಕಯ್ಯನ ಸೋದರತ್ತೆ ಸಣ್ಣತಾಯಮ್ಮ ತಡೆಯಲಾರದೆ ಎದ್ದು ನಿಂತು ದನಿಯೆತ್ತಿದರು:

ಮಳವಳ್ಳಿ ಬೀಗ ಬಂದವ್ನೆ ನೋಡಿರೆ
ಬುಟ್ಟಿಗೆ ತಳವಿಲ್ಲ ಅನ್ನೋದೂ ತಿಳಿದಿಲ್ಲ
ಅನ್ನ ಬಡಿಸೀರಂತ ಕಾಯ್ತವ್ನೆ

ಮದುವೆಯಲ್ಲಿ ಹೆಂಗಸರು ಹೀಗೆ ಬೀಗರನ್ನು ಹಂಗಿಸಿ ಬೀಗರ ಪದ ಹಾಡುವರು; ಯಾರೂ ಕೋಪಿಸಿಕೊಳ್ಳುವಂತಿಲ್ಲ. ಬೆಟ್ಟಯ್ಯನೂ ನಕ್ಕ. ನಕ್ಕವನ ಕೈಯಿಂದ ಚೆಂಡು ಜಾರಿತು. ಪದ ನಡೆಯುವಷ್ಟು ಹೊತ್ತು ಬೀಗರನ್ನು ಗೋಳುಹೊಯ್ದುಕೊಳ್ಳಲು ಅಡ್ಡಿಯಿಲ್ಲವಲ್ಲ! ಅಂಕಯ್ಯ ಚೆಂಡೆತ್ತಿ ಬುಟ್ಟಿಗೆ ಹಾಕಿದ.

ಅಷ್ಟರಲ್ಲಿ ಹಾಡು ನಿಂತಿತು. ಸಣ್ಣತಾಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಗಂಡ ತೀರಿದ ಮೇಲೆ ಅವರನ್ನು ಯಾವ ಚಪ್ಪರದಲ್ಲೂ ಹಾಡಲು ಬಿಟ್ಟಿರಲಿಲ್ಲ.

೪ (ಹರಿದು ಹಾಕಿದ ಕರಡು)

ಸಂಘದ ಅಧ್ಯಕ್ಷ ಹುಚ್ಚೀರಯ್ಯನವರು ಸಭೆ ಕರೆದು, ಅರ್ಹತೆ, ಶಿಸ್ತು ಹಾಗೂ ಸಚ್ಚಾರಿತ್ರ್ಯವನ್ನು ಪರಿಶೀಲಿಸಿ, ವ್ಯಾಯಾಮ ಶಿಕ್ಷಕ ಹೊನ್ನಯ್ಯನನ್ನು ಹೆಡ್ ಕೋಚ್ ಆಗಿ ನೇಮಿಸಿದರು. ಯುವಜನರು ಇದರಿಂದ ಗ್ರಹಿಸಬೇಕಾದ ನೀತಿಯೇನೆಂದರೆ

[ಇಲ್ಲಿ ಅಂಕಯ್ಯ ಆಕಳಿಸಿದ.]

೪ (ಮತ್ತೆ)

“ನಮ್ಮತ್ತೇನೇ ಆಗ್ಲಿ ಕೋಚು,” ಎಂದ ಅಂಕಯ್ಯ.

“ಲೇ, ತಲೆ ಕೆಟ್ಟದಾ? ಗಂಡ ಸತ್ತೋಳು ಬೀಗರ ಪದ ಯೋಳದಾ?” ಎಂದರು ಹುಚ್ಚೀರಯ್ಯ.

ಇದನ್ನು ನಾನು ಸಹಿಸಲಾರೆ. ಹೆಂಗಸಿನ ದನಿಯನ್ನೂ ಗಂಡನ ಗುಂಡಿಯಲ್ಲೇ ಹೂಳಬೇಕೆಂದು ಯಾವ ಧರ್ಮ ವಿಧಿಸಿದೆ? ಆ ಸಾಲನ್ನು ಹೊಡೆದುಹಾಕಿದೆ. ಹುಚ್ಚೀರಯ್ಯ ಮತ್ತೆ ಅದನ್ನೇ ಹೇಳಿದರು. ಪಾತ್ರವನ್ನೇ ಅಳಿಸುವೆನೆಂದು ಬೆದರಿಸಿದೆ.

“ಅಳ್ಸಿ. ಇವ್ರಿಗೆ ಸಂಬ್ಳ ಯಾರ್ ಕೊಡ್ತಾರೆ, ನೀವಾ?”

(ಕನ್ನಡ ಲೇಖಕನನ್ನು ಕೇಳಬಹುದಾದ ಪ್ರಶ್ನೆಯೇ ಇದು?)

ಕಡೆಗೆ ಬಾಗಿಲ ಬಳಿ ನಿಂತಿದ್ದ ಸಣ್ಣತಾಯಮ್ಮನೇ ಬಾಯಿ ತೆರೆದರು. “ಅಲ್ಲಣ್ಣ, ಚಪ್ರುದ್ ಒಳೀಕೆ ಬರ್ಬೇಡ ಅಂದ್ರಿ, ಬರ್ನಿಲ್ಲ. ಮೈದಾನ್ದಲ್ಲಿ ಚಪ್ರ ಎಲ್ಲದೆ? ತಾಳಿ ಯಾರ್ಗ್ ಕಟ್ತಾವ್ರೆ, ಚೆಂಡ್ಗಾ?”

ಸಭೆಯೆಲ್ಲ ನಕ್ಕಿತು. ಹುಚ್ಚೀರಯ್ಯ ನಗು ತಡೆಯಲು ಮೀಸೆ ಕಚ್ಚಿದರು, ಮೀಸೆ ಸಾಲಲಿಲ್ಲ.

“ಆಟುದ್ ಕಾನೂನು ಗೊತ್ತೇನಮ್ಮ ನಿಂಗೆ?”

ಉತ್ತರ ಕೊಟ್ಟವನು ಹೊನ್ನಯ್ಯ. (ಸಚ್ಚಾರಿತ್ರ್ಯವಂತನೆಂದು ನಾನೇ ಸೃಷ್ಟಿಸಿದ್ದೆನಲ್ಲ, ಅದರ ಫಲ.) “ಕಾನೂನು ನಾನು ಕಲಿಸ್ತೀನಿ ಸ್ವಾಮಿ. ಬೀಗರ ಎದುರು ಇವರನ್ನ ನಿಲ್ಲಿಸೋದು ಮಾತ್ರ ನನ್ನ ಕೈಲಾಗಲ್ಲ. ಅಮ್ಮ ಹೆಡ್ ಕೋಚ್ ಆಗಲಿ. ನಾನು ಅವರ ಕೈಕೆಳಗಿರ್ತೀನಿ.”

ಹಳೆಯ ಕೋಚ್ ಎಸೆದು ಹೋಗಿದ್ದ ಸೀಟಿಯನ್ನು ಹುಚ್ಚೀರಯ್ಯ ಮುಂದಕ್ಕೆ ನೂಕಿದರು. “ಒಂದಾಟ ಕಣಮ್ಮ. ಮಳವಳ್ಳೀಲಿ. ಸೋತ್ರೆ ಬಾಯ್ ಮುಚ್ಕಂಡು ಮಜ್ಗೆ ಗಡ್ಗೆ ಒರೋದೇಯ.”

ಸಣ್ಣತಾಯಮ್ಮ ಸೀಟಿಯನ್ನು ಹೊನ್ನಯ್ಯನಿಗೆ ದಾಟಿಸಿದರು. “ಇದು ನಿಂಗಿರ್ಲಪ್ಪ. ನಂಗೆ ಗಂಟ್ಲದೆ.”

೫

ಮುಕ್ತಾಯ ಅ: ಮಂಡ್ಯ ಗೆಲ್ಲುತ್ತದೆ. (ಪಠ್ಯಪುಸ್ತಕಕ್ಕೆ ಸೂಕ್ತ.)

ಮುಕ್ತಾಯ ಆ: ಮಂಡ್ಯ ಸೋಲುತ್ತದೆ, ಹುಚ್ಚೀರಯ್ಯ ಆಡಿದ ಮಾತಿಗೆ ನಿಲ್ಲುತ್ತಾರೆ. (ವಿಮರ್ಶಕರು ಮೆಚ್ಚಿಯಾರು. ನನಗೆ ಮೈಯುರಿಯುತ್ತದೆ.)

ಮುಕ್ತಾಯ ಇ: ಮಳವಳ್ಳಿಯ ಹೆಂಗಸರೂ ಎದುರು ಪದ ಕಟ್ಟಿ ಏಳುತ್ತಾರೆ. ಅವರ ಮುಂದಾಳು ಬೆಟ್ಟಯ್ಯನ ಹೆಂಡತಿ, ಅಂದರೆ ಅಂಕಯ್ಯನ ತಂಗಿ. ಅಣ್ಣನ ಬಡಕಲು ಕಾಲನ್ನೇ ಹಿಡಿದು ಹಂಗಿಸುತ್ತಾಳೆ. ಅಂಕಯ್ಯ ನಕ್ಕು ನಕ್ಕು ಬೀಗನ ಕೈಯಿಂದ ಚೆಂಡು ಕಸಿಯುತ್ತಾನೆ; ಬೀಗ ನಕ್ಕು ನಕ್ಕು ಮರಳಿ ಕಸಿಯುತ್ತಾನೆ. ಅಂಕವೆಷ್ಟೆಂದು ಹೊನ್ನಯ್ಯನೂ ಮರೆತಿದ್ದಾನೆ.

ಯಾವುದನ್ನು ಉಳಿಸಲೆಂದು ಲೇಖನಿ ಎತ್ತಿದೆ. ಮೈದಾನದಂಚಿನಿಂದ ಸಣ್ಣತಾಯಮ್ಮ ನನ್ನತ್ತ ತಿರುಗಿದರು.

“ಆ ಪೆನ್ನ ಕೆಳೀಕ್ ಮಡ್ಗಿ ಸಾಮಿ. ಆಟ ಮುಗುದ್ರೆ ನನ್ ಪದ್ವೂ ಮುಗೀತದೆ. ಅದೇ ಬೇಕಾ ನಿಮ್ಗೆ?”

ಬೇಡ. ಅಷ್ಟು ಕಾಲ ಮುಚ್ಚಿಸಿದ್ದ ಬಾಯಿಯ ಮೇಲೆ ನನ್ನ ಪೂರ್ಣವಿರಾಮವನ್ನೂ ಇಡುವುದು ಅನ್ಯಾಯ. ಪೆನ್ನು ಕೆಳಗಿಟ್ಟಿದ್ದೇನೆ. ಅದಕ್ಕೆ ಸಣ್ಣತಾಯಮ್ಮನ ಕೃತಜ್ಞತೆಯೆಂದರೆ, ಓದುಗರೇ, ಇಗೋ ಕೇಳಿ:

ಕತೆ ಬರೆಯೋ ಬೀಗ ಬಂದವ್ನೆ ನೋಡಿರೆ
ಬುದ್ಧಿ ಯೋಳೋಕೆ ಬಾಯಿ ಬುಟ್ಟಿಯಗಲ
ಆಡು ಬಾ ಅಂತ ಚೆಂಡು ಕೊಟ್ಟರೆ