ಚಾಂದ್ರಿಯ ಚೌವಿಹಾರ

"ರಾತ್ರಿ ಹೊತ್ತು ನೀರು ಎಷ್ಟು ಕುಡೀತಾಳೆ?" ಎಂದು ಡಾಕ್ಟರ್ ಪರಮಾರ್ ಕೇಳಿದಾಗ ರಸೀಲಾಬೆನ್ ಬಾಯಿ ತೆರೆಯುವ ಮೊದಲೇ ಅವಳ ಗಂಡ ಜಯಸುಖಲಾಲ್ ನಕ್ಕುಬಿಟ್ಟರು.

"ರಾತ್ರಿಯಾ? ಸಾಹೇಬ್ರೇ, ನಮ್ಮ ಚಾಂದ್ರಿ ಚೌವಿಹಾರ ಮಾಡ್ತಾಳೆ. ಹೊತ್ತು ಮುಳುಗಿದ ಮೇಲೆ ತುತ್ತು ಅನ್ನ ಇಲ್ಲ, ಗುಟುಕು ನೀರಿಲ್ಲ. ವಢವಾಣ ಊರಿಗೆಲ್ಲ ಗೊತ್ತಿರೋ ವಿಷಯ, ನಿಮಗೊಬ್ಬರಿಗೆ ಗೊತ್ತಿಲ್ಲ."

ತಗಡು ಹೊದಿಸಿದ ಮೇಜಿನ ಮೇಲೆ ಚಾಂದ್ರಿ ನಿಂತಿದ್ದಳು. ಮಣ್ಣಿನ ಬಣ್ಣದ ಹೆಣ್ಣುನಾಯಿ, ಹಣೆಯ ನಡುವೆ ಬಿಳಿಯ ಬೊಟ್ಟು. ಡಾಕ್ಟರು ಅವಳ ಹೊಟ್ಟೆಯ ಅಡಿಗೆ ಅಂಗೈ ಇಟ್ಟು ಮೆಲ್ಲಗೆ ಒತ್ತಿದರು. ಚಾಂದ್ರಿ ಕುಂಯ್ ಎಂದು ರಸೀಲಾಳ ಕಡೆಗಲ್ಲ, ಬಾಗಿಲ ಕಡೆಗೆ ನೋಡಿದಳು. ಡಾಕ್ಟರು ನಗಲಿಲ್ಲ.

"ವ್ರತ ಇವಳು ತಗೊಂಡಿದ್ದಾ, ನೀವು ಕೊಟ್ಟಿದ್ದಾ?"

ರಸೀಲಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಮೂತ್ರಕೋಶದಲ್ಲಿ ಹರಳು ಕಟ್ಟಿದೆ, ಉಚ್ಚೇಲಿ ರಕ್ತ ಬರ್ತಾ ಇರೋದು ಅದಕ್ಕೇ," ಎಂದರು ಡಾಕ್ಟರು. "ಸದ್ಯ ಮರಳಿನಷ್ಟಿದೆ. ನೀರು ಹರಿದರೆ ಇದೂ ಹರಿದುಹೋಗುತ್ತೆ. ಹರೀಲಿಲ್ಲ ಅಂದ್ರೆ ದಾರಿ ಕಟ್ಕೊಳ್ಳುತ್ತೆ, ಆಮೇಲೆ ಹೊಟ್ಟೆ ಕೊಯ್ಯಬೇಕು. ಕೊಯ್ದರೂ ಉಳೀತಾಳೆ ಅಂತ ನಾನು ಮಾತು ಕೊಡಲ್ಲ. ತಿನ್ನೋಕೆ ಏನು ಹಾಕ್ತೀರಿ?"

"ನಾವು ತಿನ್ನೋದೇ," ಎಂದಳು ರಸೀಲಾ. "ರೊಟ್ಟಿ, ಹಾಲು, ಖಾಖರಾ. ಬೆಳಗ್ಗೆ ಎರಡು ಗಾಂಠಿಯಾ. ಪಾಪಡ್ ಅಂದ್ರೆ ಪ್ರಾಣ ಅವಳಿಗೆ."

"ಉಪ್ಪಿನದು ಎಲ್ಲಾ ಬಂದ್. ಸೋರೆಕಾಯಿ ಹಾಕಿ ಖಿಚಡಿ ಬೇಯಿಸಿ, ಗಂಜಿ ಥರ, ಉಪ್ಪಿಲ್ಲದೆ. ಕೆನೆ ತೆಗೆದ ಮಜ್ಜಿಗೆ ಕೊಡಿ. ಮಲಗೋ ಮೊದಲು ಹೊರಗೆ ಬಿಡಿ, ಕಟ್ಟಿಹಾಕಿ ಉಚ್ಚೆ ತಡೆಸಬೇಡಿ. ಮತ್ತೆ ನೀರು. ಸಂಜೆ, ರಾತ್ರಿ, ಬೆಳಗಿನ ಜಾವ, ಯಾವಾಗ ಬೇಕು ಅಂದ್ರೂ ಬಾಯಿ ಮುಂದೆ ನೀರು ಇರಬೇಕು. ಮಾತ್ರೆಗಿಂತ ಅದೇ ಔಷಧಿ."

ರಿಕ್ಷಾ ಓಣಿಯ ತಿರುವಿಗೆ ಬಂದಾಗ ಜಯಸುಖಲಾಲ್ ಮಾತು ತೆಗೆದರು. "ಬರೋ ವಾರ ಪರ್ಯೂಷಣ ಹಬ್ಬ. ಅದಕ್ಕೆ ಮೊದಲು ಸಂಘದ ಹೆಂಗಸರು ಬಂದು ಇವಳಿಗೆ ತಿಲಕ ಇಡ್ತಾರಂತೆ, ಹಾರ ಹಾಕ್ತಾರಂತೆ. ಹೀರಾಕಾಕಿ ಅಂಗಡಿಗೇ ಬಂದು ಹೇಳಿ ಹೋದ್ರು. ಅದೊಂದು ಆಗಿಹೋಗಲಿ. ಆಮೇಲೆ ನಿನ್ನ ಡಾಕ್ಟ್ರು ಹೇಳಿದಂತೆ ಮಾಡು."

"ರಕ್ತ ಬರ್ತಾ ಇದೆಯಲ್ಲ."

"ಬರ್ತಾ ಇದೆ, ನಾನೂ ನೋಡಿದೀನಿ. ನಾಲ್ಕು ದಿನಕ್ಕೆ ಏನಾಗಲ್ಲ."

ಚಾಂದ್ರಿ ಅವರಿಬ್ಬರ ಕಾಲುಗಳ ನಡುವೆ ಮುದುಡಿ ಮಲಗಿದ್ದಳು.

ಅವಳನ್ನು ಹೋದ ಮಳೆಗಾಲದಲ್ಲಿ ಅಂಗಡಿಯ ಮುಂದಿನ ಕೈಗಾಡಿಯ ಅಡಿಯಿಂದ ಜಯಸುಖಲಾಲರೇ ಎತ್ತಿ ತಂದಿದ್ದರು. ಹೊತ್ತಿಳಿದ ಮೇಲೆ ಆ ಜೈನರ ಮನೆಯಲ್ಲಿ ನೀರನ್ನು ತೆರೆದಿಡುವ ಪದ್ಧತಿಯಿಲ್ಲ. ಹುಳು ಹುಪ್ಪಟೆ ಬಿದ್ದು ಸತ್ತರೆ ಆ ಪಾಪ ಇಟ್ಟವರಿಗೆ. ಕಾಯಿಸಿ ಆರಿಸಿದ ನೀರಿನ ಗಡಿಗೆಗೆ ಬಟ್ಟೆ ಕಟ್ಟಿ, ಲೋಟ ಬೋರಲು ಹಾಕಿ, ರಸೀಲಾ ಕೈಮುಗಿದು ಪಚ್ಚಖಾಣದ ಸಂಕಲ್ಪ ತೆಗೆದುಕೊಂಡರೆ ಬೆಳಗಿನವರೆಗೆ ಅಡಿಗೆಮನೆ ಮೌನ. ಮರಿಗೆ ಇದೆಲ್ಲ ಎಲ್ಲಿಂದ ತಿಳಿಯಬೇಕು? ಮುಸ್ಸಂಜೆಗೆ ಬಂದು ಗಡಿಗೆಗೆ ಮೂತಿ ಹಾಕಿತು. ರಸೀಲಾ ಕೈಯಲ್ಲಿದ್ದ ಲಟ್ಟಣಿಗೆಯಿಂದ ಮೂತಿಯ ಮೇಲೆ ಒಂದು ಕೊಟ್ಟಳು. ಜೋರಾಗೇನಲ್ಲ. ಮಾರನೆಯ ದಿನ ಮತ್ತೆ ಬಂತು, ಮತ್ತೆ ಕೊಟ್ಟಳು. ಆ ಸಲ ಸ್ವಲ್ಪ ಜೋರಾಗಿಯೇ ಬಿತ್ತು. ಆಮೇಲಿಂದ ಸಂಜೆ ಅವಳ ಕೈಯಲ್ಲಿ ಪಾತ್ರೆ ಕಂಡರೆ ಸಾಕು, ಮರಿ ಗೋಡೆಯ ಕಡೆ ಮುಖ ತಿರುಗಿಸಿ ಕೂರುತ್ತಿತ್ತು.

ಅದನ್ನು ಮೊದಲು ಕಂಡವರು ಸಂಘದ ಹಿರಿಯರಾದ ಹೀರಾಕಾಕಿ. "ನೋಡ್ರೇ, ನೀರು ಇಟ್ಟರೂ ಮುಟ್ಟಲ್ಲ. ಯಾವ ಜನ್ಮದ ಶ್ರಾವಕಿಯೋ, ಒಂದೇ ಒಂದು ತಪ್ಪಿಗೆ ಈ ಮೈಗೆ ಬಂದಿದಾಳೆ," ಎಂದು ಓಣಿಯ ಹೆಂಗಸರನ್ನೆಲ್ಲ ಕರೆದರು. ಮಾತು ಬಾಯಿಂದ ಬಾಯಿಗೆ ದಾಟಿ ಸಾಧ್ವಿಯರು ತಂಗುವ ಉಪಾಶ್ರಯ ಮುಟ್ಟಿತು. ಸಾಧ್ವೀಜಿಯವರೊಬ್ಬರು ಗೋಚರಿಯ ಭಿಕ್ಷೆಗೆ ಬಂದವರು ಚಾಂದ್ರಿಯ ತಲೆಗೆ ಗಂಧದ ಪುಡಿ ಉದುರಿಸಿ ಹೋದರು.

ರಸೀಲಾ ಮೊದಲ ದಿನವೇ ನಿಜ ಹೇಳಿಬಿಡಬಹುದಿತ್ತು. ಅಷ್ಟು ಜನರ ಮುಂದೆ ನಾಲಗೆ ಏಳಲಿಲ್ಲ. ಎರಡನೆಯ ಸಲ ನಾಲಗೆ ಎದ್ದಿತ್ತು. ಆದರೆ ಅಷ್ಟರಲ್ಲಿ ಆ ಮಾತು ಕಿವಿಗೆ ಸಿಹಿಯಾಗಿತ್ತು. ರಸೀಲಾಳ ಮೈ ಉಪವಾಸಕ್ಕೆ ಒಗ್ಗಿದ್ದಲ್ಲ. ಓಣಿಯ ಹೆಂಗಸರೆಲ್ಲ ಪರ್ಯೂಷಣದಲ್ಲಿ ಎಂಟು ದಿನ ಬರೀ ನೀರಿನ ಮೇಲೆ ಅಠ್ಠಾಯಿ ಮಾಡಿ ಮೆರವಣಿಗೆಯ ರಥದಲ್ಲಿ ಕೂತವರು. ಅವಳು ಎರಡು ಸಲ ಹಿಡಿದು, ಎರಡು ಸಲವೂ ವಾಂತಿ ಮಾಡಿಕೊಂಡು ನಡುವೆಯೇ ಮುರಿದಿದ್ದಳು. "ರಸೀಲಾಗೆ ಅಠ್ಠಾಯಿ ಅಂದ್ರೆ ಕನಸಲ್ಲೂ ಹಸಿವು," ಎಂದು ಹೀರಾಕಾಕಿ ಆಡಿಕೊಂಡಾಗ ಅವಳೂ ಜೊತೆಗೆ ನಕ್ಕು, ಉಪಾಶ್ರಯದಲ್ಲಿ ಬಾಗಿಲ ಬಳಿಯ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದಳು. ಚಾಂದ್ರಿಯ ಸುದ್ದಿ ಹರಡಿದ ಮೇಲೆ ಅದೇ ಹೀರಾಕಾಕಿ ಸರಿದು ಜಾಗ ಮಾಡಿಕೊಟ್ಟರು. ಮುಂದಿನ ಸಾಲಿನಿಂದ ಸಾಧ್ವೀಜಿಯವರ ವ್ಯಾಖ್ಯಾನದ ಒಂದೊಂದು ಅಕ್ಷರವೂ ಕೇಳಿಸುತ್ತಿತ್ತು.

ಡಾಕ್ಟರ ಬಳಿ ಹೋಗಿಬಂದ ಸಂಜೆ, ಗಂಡ ಪ್ರತಿಕ್ರಮಣದ ಪ್ರಾರ್ಥನೆಗೆ ಹೊರಟ ಮೇಲೆ, ರಸೀಲಾ ಸ್ಟೀಲಿನ ಬಟ್ಟಲಲ್ಲಿ ನೀರು ತುಂಬಿ ಜಗಲಿಗೆ ತಂದಳು. ಚಾಂದ್ರಿ ಬಟ್ಟಲನ್ನು ನೋಡಿದಳು, ಬಟ್ಟಲು ಹಿಡಿದ ಕೈಯನ್ನು ನೋಡಿದಳು, ಕಿವಿ ಹಿಂದಕ್ಕೊರಗಿಸಿ ಗೋಡೆಯ ಕಡೆ ಮುಖ ತಿರುಗಿಸಿದಳು.

"ಕುಡಿ ಮಗಾ. ನಾನೇ ಹೇಳ್ತಿದೀನಲ್ಲ, ಕುಡಿ."

ನೀರಲ್ಲಿ ಬೆರಳದ್ದಿ ತುಟಿಗೆ ಸವರಿದಳು. ಚಾಂದ್ರಿ ನೆಕ್ಕಿಕೊಳ್ಳಲಿಲ್ಲ. ಬಟ್ಟಲನ್ನು ಇನ್ನಷ್ಟು ಹತ್ತಿರ ಸರಿಸಿದಾಗ ಅವಳ ಹಿಂಗಾಲು ನಡುಗಿ, ಕೂತಲ್ಲೇ ನಾಲ್ಕು ಹನಿ ನೆಲಕ್ಕೆ ಬಿದ್ದವು. ತಿಳಿಗೆಂಪು ಹನಿ. ರಸೀಲಾ ಅದನ್ನು ಒರೆಸಿದಳು. ಒರೆಸಿದ ಬಟ್ಟೆಯನ್ನು ಯಾರೂ ನೋಡದ ಹಾಗೆ ಹಿತ್ತಲಿನ ಹಗ್ಗದ ಮೂಲೆಗೆ ಒಣಗಹಾಕಿದಳು.

ಹಗಲು ಚಾಂದ್ರಿ ಕುಡಿಯುತ್ತಿದ್ದಳು, ಅದರಲ್ಲೂ ಎದುರುಮನೆಯಲ್ಲಿ. ಅಲ್ಲಿ ಕುಂಬಾರರ ಜೀವಿ ಇದ್ದಳು. ಅವಳ ಮಣ್ಣಿನ ರಾಶಿಯ ತಂಪಿನಲ್ಲಿ ಚಾಂದ್ರಿ ಮಧ್ಯಾಹ್ನ ಕಳೆಯುವಳು. ಜೀವಿ ಮಣ್ಣು ಕಲಸುವ ತೊಟ್ಟಿಯಿಂದ ಬೊಗಸೆಯಲ್ಲಿ ಮೊಗೆದು ಹಿಡಿದರೆ ಲೊಚಲೊಚ ಕುಡಿಯುವಳು. ಸಂಜೆ ಜೀವಿಯನ್ನು ಕರೆದರೆ ಕುಡಿದಾಳು ಎಂಬುದು ರಸೀಲಾಗೆ ಆ ಮೊದಲ ಸಂಜೆಯೇ ಹೊಳೆದಿತ್ತು. ಆದರೆ ಜೀವಿಗೆ ತಿಳಿದದ್ದು ಬಾವಿಕಟ್ಟೆಗೆ ತಿಳಿದ ಹಾಗೆ. ಹೊಳೆದದ್ದನ್ನು ಒಳಗೇ ಅದುಮಿಕೊಂಡು, ಉಪ್ಪಿಲ್ಲದ ಖಿಚಡಿಗೆ ಇನ್ನೊಂದಿಷ್ಟು ನೀರು ಸುರಿದು, ಇಷ್ಟು ಸಾಕಾದೀತು ಎಂದು ತನಗೆ ತಾನೇ ಹೇಳಿಕೊಂಡಳು. ದಿನವೂ ಹಾಗೇ ಹೇಳಿಕೊಂಡಳು. ಸಂಜೆ ಬಟ್ಟಲಿಡುವುದು, ಚಾಂದ್ರಿ ಮುಖ ತಿರುಗಿಸುವುದು, ಎತ್ತಿಕೊಂಡು ಒಳಗೆ ಹೋಗುವುದು. ಹನಿ ಕೆಂಪೇರುತ್ತ ಬಂತು.

"ಬೆನ್," ಎಂದು ಒಂದು ದಿನ ಜೀವಿಯೇ ಕೂಗಿದಳು. "ನಿಮ್ಮ ಮಹಾಸತಿ ನನ್ನ ಗೋಡೆ ಪಕ್ಕ ಕೂತು ಕೂತು ಅಳ್ತಾ ಇದಾಳೆ, ಬರೋದು ಮಾತ್ರ ಎರಡು ತೊಟ್ಟು. ಪುಣ್ಯ ಜಾಸ್ತಿ ಆಗಿ ಕಟ್ಕೊಂಡಿದೆಯೋ ಏನೋ, ಯಾರಿಗಾದ್ರೂ ತೋರಿಸಿ."

"ತೋರಿಸಿದೀವಿ," ಎಂದು ರಸೀಲಾ ಬಾಗಿಲು ಮುಂದೆ ಮಾಡಿದಳು.

ಸಂಘದ ಹೆಂಗಸರು ಬಂದಾಗ ಬಿಸಿಲು ಜಗಲಿಯ ಅಂಚಿನಿಂದ ಇಳಿಯುತ್ತಿತ್ತು. ಹಿತ್ತಾಳೆ ತಟ್ಟೆಯಲ್ಲಿ ಕುಂಕುಮ, ಅಕ್ಕಿ, ಗುಲಾಬಿಯ ಹಾರ. ಹೀರಾಕಾಕಿ ಏದುಸಿರು ಬಿಡುತ್ತ ಮೆಟ್ಟಿಲ ಮೇಲೆ ಕೂತರು. "ಎಲ್ಲಿ ನಮ್ಮ ತಪಸ್ವಿನಿ? ಯಾಕೋ ಸೊರಗಿದ್ದಾಳೆ. ತಪಸ್ಸು ಅಂದ್ರೆ ಹಾಗೇ. ನಿನ್ನ ಹಾಗಲ್ಲ ರಸೀಲಾ, ನೀನು ಮೂರನೇ ದಿನಕ್ಕೇ ಮೂಂಗ್ ಸಾರು ಹುಡುಕಿದೋಳು."

ಎಲ್ಲರೂ ನಕ್ಕರು. ಸೂರ್ಯ ದೇರಾಸರ ಗುಡಿಯ ಶಿಖರದ ಹಿಂದಕ್ಕೆ ಸರಿದ. ಜಯಸುಖಲಾಲ್ ಬಿಳಿಯ ಅಂಗಿ ತೊಟ್ಟು ನಿಂತಿದ್ದರು. "ಬಟ್ಟಲು ತಗೊಂಡ್ಬಾ. ಹೊಸಬರೂ ಬಂದಿದಾರೆ, ಕಣ್ಣಾರೆ ನೋಡಲಿ."

ರಸೀಲಾ ತಂದಿಟ್ಟಳು. ಚಾಂದ್ರಿ ಆ ಕೈಯನ್ನು ನೋಡಿ, ಗೋಡೆಯ ಕಡೆ ತಿರುಗಿದಳು. ಒಣ ನಾಲಗೆ ಒಮ್ಮೆ ಹೊರಬಂದು ಮೂಗನ್ನು ಸವರಿ ಒಳಗೆ ಹೋಯಿತು. ಹೆಂಗಸರು ಕೈಮುಗಿದರು. ಯಾರೋ ನವಕಾರ ಗುನುಗಲು ತೊಡಗಿದರು. ಆ ಮಂತ್ರವನ್ನು ರಸೀಲಾ ತೊಟ್ಟಿಲಲ್ಲಿದ್ದಾಗಿನಿಂದ ಕೇಳಿದವಳು. ಈಗ ಅದು ಕಿವಿಯಲ್ಲಿ ನಿಲ್ಲಲಾರದೆ ಮೈಯೆಲ್ಲ ಸುಡುತ್ತ ಇಳಿಯಿತು.

"ಇದು ವ್ರತ ಅಲ್ಲ ಕಾಕಿ," ಎಂದಳು.

ಗುನುಗು ನಿಂತಿತು.

"ಇವಳಿಗೆ ನನ್ನ ಕಂಡರೆ ಭಯ. ಮರಿ ಇದ್ದಾಗ ನೀರಿಗೆ ಬಂದರೆ ಮೂತಿ ಮೇಲೆ ಹೊಡೆದಿದ್ದೆ. ಬಾಯಾರಿಕೆ ಇದೆ ಅವಳಿಗೆ. ಹೊಟ್ಟೆಯಲ್ಲಿ ಹರಳು ಕಟ್ಟಿದೆ."

ಹೀರಾಕಾಕಿ ಅವಳನ್ನೇ ನೋಡಿದರು. ಆಮೇಲೆ ಬಾಯ್ತುಂಬ ನಕ್ಕರು. "ಅಷ್ಟೇನಾ? ನಾನು ರಾತ್ರಿ ಬೆಲ್ಲ ಕದ್ದು ತಿಂದೆ ಅಂತ ನನ್ನ ಅಜ್ಜಿ ಇಕ್ಕಳ ಕಾಯಿಸಿ ತೋರಿಸಿದ್ಲು. ಅವತ್ತಿಂದ ಇವತ್ತಿನವರೆಗೆ ರಾತ್ರಿ ಬಾಯಿಗೆ ನೀರು ಹಾಕಿಲ್ಲ ನಾನು. ಏಟು ತಿನ್ನದೆ ಧರ್ಮ ಕಲಿತೋರು ಯಾರಮ್ಮ ಇಲ್ಲಿ?"

"ನೋಡಿ, ಎಷ್ಟು ವಿನಯ," ಎಂದು ಹಿಂದಿನಿಂದ ಒಬ್ಬರು ಪಿಸುಗುಟ್ಟಿದರು. "ಹೆಸರು ತನಗೆ ಬೇಡ ಅಂತ ಹೇಗೆ ಹೇಳ್ತಾರೆ."

ಹೀರಾಕಾಕಿ ಉಂಗುರ ಬೆರಳಿಗೆ ಕುಂಕುಮ ಹಚ್ಚಿಕೊಂಡು ಮುಂದೆ ಬಾಗಿದರು. ರಸೀಲಾ ಜಗಲಿಯಿಂದ ಇಳಿದು ಓಣಿಯ ನಡುವೆ ನಿಂತಳು.

"ಜೀವಿ. ಏ ಜೀವಿ, ಬಾ ಇಲ್ಲಿ."

ಜೀವಿ ಮೊಣಕೈವರೆಗೆ ಮಣ್ಣು ಮೆತ್ತಿಕೊಂಡು ಹೊಸಿಲಿಗೆ ಬಂದಳು. ಅಷ್ಟು ಜನರನ್ನು ಕಂಡು ಸೆರಗೆಳೆದುಕೊಂಡಳು. "ನಾನ್ಯಾಕೆ ಬೆನ್, ಮೈಯೆಲ್ಲ ಮಣ್ಣು."

"ಹಾಗೇ ಬಾ. ಇವಳಿಗೆ ನೀರು ಕುಡಿಸು."

"ಈ ಹೊತ್ತಲ್ಲಾ?"

"ಈ ಹೊತ್ತಲ್ಲೇ."

ಜೀವಿ ಜಯಸುಖಲಾಲರ ಮುಖ ನೋಡಿದಳು, ಮತ್ತೆ ರಸೀಲಾಳ ಮುಖ ನೋಡಿದಳು. ಬಟ್ಟಲೆತ್ತಿ ಮಂಡಿಯೂರಿ ಕೂತು ನಾಲಗೆಯಿಂದ ಚ್ಚ್ ಎಂದಳು. ಚಾಂದ್ರಿ ಗೋಡೆಯಿಂದ ತಲೆ ತಿರುಗಿಸಿದಳು. ಎದ್ದಳು. ರಸೀಲಾ ಎಲ್ಲಿದ್ದಾಳೆಂದು ಒಮ್ಮೆ ನೋಡಿಕೊಂಡು, ದೂರವಿದ್ದಾಳೆಂದು ಖಾತ್ರಿಯಾದ ಮೇಲೆ, ಬಂದು ಮೂತಿಯನ್ನು ನೀರಿಗಿಟ್ಟಳು.

ಅವಳು ಕುಡಿಯುವ ಸದ್ದೊಂದೇ. ಬಟ್ಟಲು ತಳ ಕಂಡಿತು. ಖಾಲಿ ಸ್ಟೀಲನ್ನೂ ನೆಕ್ಕುತ್ತಿದ್ದಳು.

"ಇನ್ನಷ್ಟು ಕೊಡಿ ಬೆನ್," ಎಂದಳು ಜೀವಿ. "ಗಂಟಲು ಒಣಗಿ ಹೋಗಿದೆ ಪಾಪ ಇದಕ್ಕೆ."

ರಸೀಲಾ ಒಳಗೆ ಹೋಗಿ, ಗಡಿಗೆಯ ಬಟ್ಟೆ ಬಿಚ್ಚಿ, ಚೊಂಬು ತುಂಬಿ ತಂದು ಜೀವಿಯ ಕೈಗೆ ಕೊಟ್ಟು ಹಿಂದೆ ಸರಿದಳು. ಹೆಂಗಸರು ಒಬ್ಬೊಬ್ಬರು ಒಂದೊಂದು ಕಡೆ ನೋಡುತ್ತಿದ್ದರು. ಬೆರಳಿನ ಕುಂಕುಮವನ್ನು ಎಲ್ಲಿ ಒರೆಸುವುದೆಂದು ತಿಳಿಯದೆ ಹೀರಾಕಾಕಿ ತಟ್ಟೆಯ ಅಂಚಿಗೇ ಒರೆಸಿದರು. "ಹಾರ ಬಾಡಿಹೋಗುತ್ತೆ," ಎಂದು ಯಾರಿಗೋ ಹೇಳಿ ಎದ್ದರು.

ಓಣಿ ಖಾಲಿಯಾದ ಮೇಲೆ ಜಯಸುಖಲಾಲ್ ಅಂಗಿಯ ಗುಂಡಿ ಬಿಚ್ಚುತ್ತ ಅಂದರು: "ಮೊದಲು ನನಗಾದರೂ ಹೇಳಬಹುದಿತ್ತು."

"ಹೌದು," ಎಂದಳು ರಸೀಲಾ.

ಪರ್ಯೂಷಣದಲ್ಲಿ ಅವಳು ಬಾಗಿಲ ಬಳಿಯ ಸಾಲಿನಲ್ಲಿ ಕೂತಳು. ಮುಂದೆ ಬಾ ಎಂದು ಯಾರೂ ಕರೆಯಲಿಲ್ಲ. ದಿನವೂ ಹೊತ್ತಿಳಿದ ಮೇಲೆ ಜೀವಿ ಬಂದು ನೀರು ಕುಡಿಸಿ, ಚಾಂದ್ರಿಯನ್ನು ಓಣಿಯ ತುದಿಯವರೆಗೆ ಅಡ್ಡಾಡಿಸಿ ಬಿಡುತ್ತಿದ್ದಳು. "ಮೊದಲಿನಷ್ಟು ಕೆಂಪಿಲ್ಲ ಬೆನ್," ಎಂದು ಹೊಸಿಲಿನಿಂದಲೇ ಹೇಳಿ ಹೋಗುವಳು. ಒಂದು ದಿನ ಅವಳು ತಂಗಿಯ ಊರಿಗೆ ಹೋದವಳು ಸಂಜೆಯಾದರೂ ಮರಳಲಿಲ್ಲ.

ದೀಪ ಹಚ್ಚುವ ಹೊತ್ತು ಮೀರಿತು. ರಸೀಲಾ ಬಟ್ಟಲು ತುಂಬಿ ಜಗಲಿಯಲ್ಲಿಟ್ಟಳು. ಚಾಂದ್ರಿ ಮುಖ ತಿರುಗಿಸಿದಳು. ಈ ಸಲ ರಸೀಲಾ ಬಟ್ಟಲನ್ನು ಅಲ್ಲೇ ಬಿಟ್ಟು ಒಳಗೆ ಬಂದು, ಬಾಗಿಲ ಹಿಂದೆ ಗೋಡೆಗೊತ್ತಿ ನಿಂತಳು. ಬಳೆ ಸದ್ದಾಗದಂತೆ ಒಂದು ಕೈಯಿಂದ ಇನ್ನೊಂದು ಮಣಿಕಟ್ಟನ್ನು ಬಿಗಿಯಾಗಿ ಹಿಡಿದಳು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಕಲ್ಲಿನ ಮೇಲೆ ಉಗುರಿನ ಸದ್ದು. ಆಮೇಲೆ ನೀರು.

ಒತ್ತಿ ನಿಂತ ಕಾಲು ಜೋಮು ಹಿಡಿದಿತ್ತು. ತುಸು ಕದಲಿಸಿದಳು. ಹೊರಗೆ ನಾಲಗೆಯ ಸದ್ದು ಥಟ್ಟನೆ ನಿಂತಿತು.

ರಸೀಲಾ ಉಸಿರು ಹಿಡಿದು ಹಾಗೇ ನಿಂತಳು. ಕಾಲಿನ ಜೋಮು ತೊಡೆಯವರೆಗೆ ಏರಿತು. ಕತ್ತಲೆ ಹೊಸಿಲು ದಾಟಿ ಒಳಬಂತು. ಹೊರಗೆ ಮೆಲ್ಲಗೆ, ಒಂದು ಸಲ, ನಿಲ್ಲಿಸಿ, ಇನ್ನೊಂದು ಸಲ, ನೀರಿಗೆ ನಾಲಗೆ ತಾಗಿತು.