ಮಡಚಿದ ಐದು ರೊಟ್ಟಿಗಳು

ಅಜ್ಲೂನ್ ಬೆಟ್ಟದ ಊರಿನ ಉಮ್ ಗಾಲಿಬ್ ಅಜ್ಜಿಯ ಮನೆಗೆ ಶಾಲೆಯಿಂದ ಕಾಗದವೊಂದು ಬಂದಿತ್ತು: "ಜುಮಾನಾ ಇಡೀ ದಿನ ಕಿರುಚುತ್ತಾಳೆ. ಮನೆಯಲ್ಲೇ ಇರಿಸಿಕೊಳ್ಳಿ." ಆರು ವರ್ಷದ ಆ ಮೊಮ್ಮಗಳಿಗೆ ಇನ್ನೂ ಮಾತು ಬಂದಿರಲಿಲ್ಲ. ಗುರುವಾರದೊಳಗೆ ಮನೆಯವರು ಒಪ್ಪಿ ಅದಕ್ಕೆ ಸಹಿ ಹಾಕಿಬಿಟ್ಟರೆ ಅವಳ ಓದು ಅಲ್ಲಿಗೇ ಮುಗಿಯಿತು. ಅಳೆಯದೆ, ಎಣಿಸದೆ ಮಗುವೊಂದರ ಪಾಲಿಗೆ ಶಾಲೆಯ ಬಾಗಿಲು ಮುಚ್ಚುವುದು ಎಂಥ ನ್ಯಾಯ!

ಅಜ್ಜಿಗೆ ಮಾತ್ರ ಅದೇ ಸರಿಯೆನಿಸಿತ್ತು. "ಸಹಿ ಹಾಕ್ಬಿಡ್ತೀವಿ ಕಣೇ ಹನಾದಿ. ಇವಳು ಉಸಿರಾಡೋದಕ್ಕಿಂತ ಕಿರುಚೋದೇ ಹೆಚ್ಚು," ಎಂದರು ಕಾವಲಿಯ ಮುಂದೆ ಕುಳಿತು.

ನೆರೆಮನೆಯ ಹನಾದಿ ಮಕ್ಕಳ ನಡವಳಿಕೆಯನ್ನು ಅಳೆಯುವ ವಿದ್ಯೆ ಕಲಿತವಳು. "ಅಜ್ಜಿ, ಒಂದು ರೊಟ್ಟಿ ಬೇಯೋಕೆ ಎಷ್ಟು ಹೊತ್ತು?"

"ನನ್ನ ಕೈಲಿ ಒಂದು ನಿಮಿಷ. ನಿನ್ನ ಕೈಲಿ, ಕರಕಲಾಗೋವರೆಗೂ."

"ಆಗ್ಲಿ ಬಿಡಿ. ರೊಟ್ಟಿ ಕಾವಲಿ ಮೇಲಿರೋವಾಗ ಜುಮಾನಾ ಕಿರುಚಿದ್ರೆ ಅದನ್ನ ಮಡಚಿಡಿ. ಸುಮ್ನಿದ್ರೆ ಅಗಲವಾಗೇ ಇಡಿ. ಸಾಲಾಗಿ ಜೋಡಿಸ್ತಾ ಹೋಗಿ."

"ಮೂರು ಸಲ ಕಿರುಚಿದ್ರೆ ಮೂರು ಮಡಿಕೆನಾ?"

"ಒಂದೇ. ಎಷ್ಟು ಕೂಗು ಅಂತಲ್ಲ, ಎಷ್ಟು ರೊಟ್ಟಿ ಹೊತ್ತಲ್ಲಿ ಕೂಗು ಕೇಳಿಸ್ತು ಅಂತ ನೋಡ್ತಿದ್ದೀವಿ."

ಮೂರು ರೊಟ್ಟಿ ಅಗಲವಾಗಿಯೇ ಉಳಿದವು. ಅಜ್ಜಿಗೆ ತಡೆಯಲಾಗಲಿಲ್ಲ. "ಇರು, ಈಗ ಕಿರುಚ್ತಾಳೆ" ಎಂದು ನಾಲ್ಕನೆಯದನ್ನು ಮಡಚಲು ಹೋದರು.

ಹನಾದಿ ಅಜ್ಜಿಯ ಕೈ ಹಿಡಿದಳು. "ಕಿರುಚಿದ್ಲಾ?"

"ಇಲ್ಲ," ಅಜ್ಜಿ ಗೊಣಗಿದರು.

ಇಪ್ಪತ್ತು ರೊಟ್ಟಿಗಳಲ್ಲಿ ಮಡಚಿದ್ದು ಐದೇ ಐದು. ಐದೂ ಒಂದರ ಪಕ್ಕ ಒಂದು. ಅಜ್ಜಿ ಸಾಲನ್ನು ದಿಟ್ಟಿಸಿದರು. "ಅಯ್ಯೋ, ಆಗ ಚಾವಣಿ ತೊಟ್ಟಿಗೆ ನೀರೇರಿಸೋ ಮೋಟರು ಓಡ್ತಿತ್ತಲ್ಲೇ! ಕೂಸು ಕಿವಿ ಮುಚ್ಕೊಂಡಿತ್ತು!"

ಮುಂದಿನ ಎರಡು ದಿನವೂ ರೊಟ್ಟಿಯ ಸಾಲು ಅದನ್ನೇ ಹೇಳಿತು. ಶಾಲೆಯ ನೀರಿನ ಮೋಟರಂತೂ ಜುಮಾನಾಳ ತರಗತಿಯ ಗೋಡೆಗೇ ಅಂಟಿಕೊಂಡಿತ್ತು.

ಗುರುವಾರ ಅಜ್ಜಿ ಸಹಿಯಿಲ್ಲದ ಕಾಗದವನ್ನು ಮುಖ್ಯೋಪಾಧ್ಯಾಯಿನಿಯ ಮೇಜಿನ ಮೇಲಿಟ್ಟರು. "ಇಡೀ ದಿನ ಅಂತ ಬರ್ದಿದ್ದೀರಲ್ಲ ಮೇಡಂ, ಎಲ್ಲಿ, ನಿಮ್ಮ ರೊಟ್ಟಿ ತೋರ್ಸಿ ನೋಡೋಣ."

ಶಾಲೆಯಲ್ಲಿ ಯಾರೂ ಹೊತ್ತು ಹಿಡಿದು ಎಣಿಸಿರಲಿಲ್ಲ. ಹನಾದಿ ತರಗತಿಯ ಶಿಕ್ಷಕಿಗೆ ಇಪ್ಪತ್ತು ಚೌಕಗಳ ಹಾಳೆಯೊಂದನ್ನು ಕೊಟ್ಟಳು, ನಿಮಿಷಕ್ಕೊಂದು ಚೌಕ; ಆ ನಿಮಿಷದಲ್ಲಿ ಕಿರುಚಿದರೆ ಅದರಲ್ಲೊಂದು ಗುರುತು. ಅಲ್ಲಿಯೂ ಗುರುತುಗಳೆಲ್ಲ ಮೋಟರಿನ ಹೊತ್ತಿನಲ್ಲೇ ಬಿದ್ದವು. ತರಗತಿಯನ್ನು ಮೋಟರಿನಿಂದ ದೂರದ ಕೋಣೆಗೆ ಬದಲಿಸಿದರು. ಜುಮಾನಾ ಈಗ ಎರಡನೆಯ ಬೆಂಚಿನಲ್ಲಿ ಕುಳಿತು ಬಣ್ಣ ಬಳಿಯುತ್ತಾಳೆ.

ಓದುಗರೇ, ಮಗುವಿನ ಮೇಲೆ "ಯಾವಾಗಲೂ" ಎಂಬ ದೂರು ಹೊರಿಸುವ ಮುನ್ನ ಹೊತ್ತನ್ನು ಸಮಭಾಗ ಮಾಡಿ. ಪ್ರತಿ ಭಾಗದಲ್ಲೂ ಕಂಡದ್ದನ್ನಷ್ಟೇ ಗುರುತಿಸಿ. ಬರಿಯ ಅಂದಾಜಿನ ಮೇಲೆ ಮಗುವನ್ನು ಹೊರಹಾಕುವ ಹಕ್ಕು ಯಾರಿಗೂ ಇಲ್ಲ. ನಿಮಗೂ ಇಲ್ಲ.